ಏಳು ಸೊನ್ನೆಗಳ ಸಭೆ

ಕೋವಿಡ್ ಕಾಲದ ಮಾಸ್ಕುಗಳು ಮೇಜಿನ ಡ್ರಾಯರಿಗೆ ಸೇರಿದ ಮರುವರ್ಷ ನಾನು ಟೊರೊಂಟೊ ಹತ್ತಿರದ ನ್ಯೂಮಾರ್ಕೆಟ್‌ನ ಒಂದು ಸಮಾಜಸೇವಾ ಸಂಸ್ಥೆಯಲ್ಲಿ ನೌಕರನಾಗಿದ್ದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಅದರಲ್ಲಿ ‘ಸಮುದಾಯ’ವೂ ಇತ್ತು, ‘ಸಬಲೀಕರಣ’ವೂ ಇತ್ತು, ಫೋನೆತ್ತಿ ಆ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಜನ ಲೈನು ಬಿಟ್ಟು ಹೋಗುತ್ತಿದ್ದರು ಎಂದರೆ ಸಾಕು. ನನ್ನ ಹುದ್ದೆ ಸಮನ್ವಯಾಧಿಕಾರಿ. ಸಭೆ ಕರೆಯುವುದು, ನಡಾವಳಿ ಬರೆಯುವುದು ಮತ್ತು ಕಾಫಿ ಫ್ಲಾಸ್ಕಿನ ಮೇಲೆ ಸಾರ್ವಭೌಮತ್ವ ನಡೆಸುವುದು ನನ್ನ ಅಧಿಕಾರವ್ಯಾಪ್ತಿ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿಯಿತ್ತು.

ನಾನು ಕರೆಯುತ್ತಿದ್ದ ಸಭೆಗಳಲ್ಲಿ ಒಂದಕ್ಕೆ ಮಾತ್ರ ಯಾರೂ ನಗುತ್ತಾ ಬರುತ್ತಿರಲಿಲ್ಲ. ಗಂಡನಿಂದಲೋ ಸಂಗಾತಿಯಿಂದಲೋ ಮನೆಯೊಳಗೇ ಕೊಲೆಯಾದವರ ಸಾವನ್ನು ಮರುಪರಿಶೀಲಿಸುವ ಸಮಿತಿಯದು. ಕೊಂದವರು ಯಾರೆಂಬುದನ್ನು ಪೊಲೀಸರೂ ಕೋರ್ಟಿನವರೂ ನೋಡಿಕೊಳ್ಳುತ್ತಾರೆ. ಸಮಿತಿ ಕೇಳುವ ಪ್ರಶ್ನೆ ಬೇರೆ: ಸಾಯುವ ಮೊದಲು ಆಕೆ ಯಾರ ಬಾಗಿಲು ತಟ್ಟಿದ್ದಳು, ಆ ಬಾಗಿಲು ಯಾಕೆ ತೆರೆಯಲಿಲ್ಲ? ಇದಕ್ಕೆ ಹೊರಗಿನ ಪರಿಶೀಲಕರೊಬ್ಬರನ್ನು ನೇಮಿಸಬೇಕು. ಅವರು ಕಡತ ಓದಿ, ಮನೆಯವರನ್ನು ಮಾತಾಡಿಸಿ, ವರದಿ ಬರೆಯುತ್ತಾರೆ. ಒಂದು ಪರಿಶೀಲನೆಗೆ ಸುಮಾರು ಇಪ್ಪತ್ತೆಂಟು ಸಾವಿರ ಡಾಲರ್ ಖರ್ಚು. ಅದನ್ನು ಏಳು ಸಂಸ್ಥೆಗಳು ಹಂಚಿಕೊಳ್ಳಬೇಕೆಂದು ಒಪ್ಪಂದ: ಪೊಲೀಸ್, ಆಸ್ಪತ್ರೆ, ಮಕ್ಕಳ ರಕ್ಷಣೆ, ವಸತಿ, ಶಾಲಾ ಮಂಡಳಿ, ಮಹಿಳೆಯರ ಆಶ್ರಯಧಾಮ, ಏಳನೆಯದು ನಮ್ಮದು.

ಮೊದಲು ಎಲ್ಲರಿಗೂ ಸಮಪಾಲು ಎಂದಿತ್ತು. ಮಾಡು ಸೋರುತ್ತಿದ್ದ ಆಶ್ರಯಧಾಮಕ್ಕೂ, ಮೂರು ಅಂತಸ್ತಿನ ಪಾರ್ಕಿಂಗ್ ಕಟ್ಟಿಸಿಕೊಂಡ ಆಸ್ಪತ್ರೆಗೂ ಒಂದೇ ಲೆಕ್ಕ. ಪ್ರತಿ ಸಾವಿಗೂ ಮೂರು ಸಭೆ ಜಗಳ. ಸತ್ತವಳ ಹೆಸರು ಆ ಮೂರು ಸಭೆಗಳಲ್ಲಿ ಒಮ್ಮೆಯೂ ಬರುತ್ತಿರಲಿಲ್ಲ. ಇದನ್ನು ನೋಡಿ ನನ್ನೊಳಗಿನ ಶಾಸನಕರ್ತ ಎಚ್ಚರಗೊಂಡ. ಮೂರು ವಾರ ಕೂತು ಒಂದು ಸೂತ್ರ ಬರೆದೆ. ಆಕೆಯ ಜತೆ ಯಾರಿಗೆ ಹೆಚ್ಚು ಸಂಪರ್ಕವಿತ್ತೋ ಅವರು ಹೆಚ್ಚು ಕೊಡಬೇಕು. ಸಂಪರ್ಕವೇ ಇರದವರು ಏನೂ ಕೊಡಬೇಕಿಲ್ಲ. ಸಂಪರ್ಕ ಎಂದರೇನು ಎಂದು ಯಾರಾದರೂ ಕೇಳುವ ಮೊದಲೇ ವ್ಯಾಖ್ಯೆಯನ್ನೂ ಕೊಟ್ಟಿದ್ದೆ: ಆಕೆಯ ಹೆಸರಿನಲ್ಲಿ ಕಡತ ತೆರೆದು ಸಂಖ್ಯೆ ಹಾಕಿರಬೇಕು. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದವನಿಗೆ ಮಸಾಲೆ ದೋಸೆಯ ಬಿಲ್ಲು, ಬರೀ ಚಾ ಕುಡಿದವನಿಗೆ ಚಾದ ಬಿಲ್ಲು. ಏಳೂ ಸಂಸ್ಥೆಗಳು ಒಂದೇ ದನಿಯಲ್ಲಿ ಒಪ್ಪಿದವು. ಹಾಗೆ ಒಪ್ಪಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ.

ಆ ಸೂತ್ರದ ಕೆಳಗೆ ಬಂದ ಮೊದಲ ಸಾವು ಸುಜಾತಾಳದ್ದು. ಅದು ಅವಳ ನಿಜವಾದ ಹೆಸರಲ್ಲ. ಮೂವತ್ತೊಂದು ವರ್ಷ, ನನ್ನ ಹಾಗೆ ಕರಾವಳಿಯ ಕಡೆಯವಳು, ಮನೆಮಾತು ತುಳು. ಥಾರ್ನ್‌ಹಿಲ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಗಂಡನೊಡನೆ ಬಾಡಿಗೆಗಿದ್ದಳು. ಫೆಬ್ರವರಿಯ ಒಂದು ಬೆಳಿಗ್ಗೆ ಆ ಬೇಸ್‌ಮೆಂಟಿನಲ್ಲೇ ಗಂಡ ಅವಳನ್ನು ಕೊಂದ. ಹೇಗೆಂದು ಬರೆಯುವುದಿಲ್ಲ. ನನಗೆ ಗೊತ್ತಿದೆ, ಅಷ್ಟು ಸಾಕು. ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ತಪ್ಪೊಪ್ಪಿಕೊಂಡ ಮೇಲೆ ಸಾಕ್ಷಿಗಳನ್ನು ಕರೆಸಿ ವಿಚಾರಣೆ ನಡೆಯುವುದಿಲ್ಲ. ಹೀಗಾಗಿ ಅವಳ ಕೊನೆಯ ಎರಡು ವರ್ಷ ಹೇಗಿದ್ದವೆಂದು ಯಾರಾದರೂ ಬಾಯಿಬಿಟ್ಟು ಹೇಳುವ ಜಾಗ ನಮ್ಮ ಸಮಿತಿಯೊಂದೇ ಉಳಿಯಿತು.

ಅದನ್ನು ಕೇಳಲು ಕಾದಿದ್ದವಳು ಅವಳ ತಂಗಿ, ನಮಿತಾ ಎನ್ನೋಣ. ಇಪ್ಪತ್ಮೂರರ ಹುಡುಗಿ. ಕಾಲೇಜು ಓದಲು ಬಂದು, ಎಟೋಬಿಕೋಕ್‌ನಲ್ಲಿ ಇನ್ನೂ ಮೂವರ ಜತೆ ಒಂದು ರೂಮಿನಲ್ಲಿದ್ದು, ವಾರಕ್ಕೆ ಮೂರು ದಿನ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದಳು. ಅವಳು ಸಮಿತಿಗೆ ಬರೆದ ಮನವಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನನ್ನ ಅಕ್ಕ ಯಾರ ಹತ್ತಿರವಾದರೂ ಸಹಾಯ ಕೇಳಿದ್ದಳೆ?

ಈ ಪ್ರಶ್ನೆಗೆ ಕಾರಣವಿತ್ತು. ಊರಿನಲ್ಲಿ ಎರಡೂ ಕಡೆಯ ನೆಂಟರು ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರು. ಅಷ್ಟೊಂದು ಕಷ್ಟವಿದ್ದಿದ್ದರೆ ಅವಳು ಯಾರಿಗಾದರೂ ಹೇಳುತ್ತಿರಲಿಲ್ಲವೆ? ಹೇಳಲಿಲ್ಲ. ಆದ್ದರಿಂದ ಕಷ್ಟವಿರಲಿಲ್ಲ. ಏನೋ ಒಂದು ಗಳಿಗೆಯ ಸಿಟ್ಟು, ಗ್ರಹಚಾರ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಈ ತೀರ್ಪಿನ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದಿದ್ದವು.

ನಾನು ಏಳು ಸಂಸ್ಥೆಗಳಿಗೂ ಪತ್ರ ಬರೆದು ಅವಳ ಸಂಪರ್ಕದ ವಿವರ ಕೇಳಿದೆ. ಒಂದು ತಿಂಗಳೊಳಗೆ ಏಳು ಉತ್ತರಗಳು ಬಂದವು. ಎಲ್ಲದರಲ್ಲೂ ಮೊದಲ ಸಾಲು ಹೃತ್ಪೂರ್ವಕ ಸಂತಾಪ, ಎರಡನೆಯ ಸಾಲು ಸೊನ್ನೆ. ಏಳನೆಯ ಪತ್ರ ನಮ್ಮ ಸಂಸ್ಥೆಯದು. ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ಕಡತವಿಲ್ಲವೆಂದು ನೋಡಿ, ಸೊನ್ನೆ ಬರೆದು ಸಹಿ ಹಾಕಿದವನು ನಾನೇ.

ಸಮಿತಿಯ ಅಧ್ಯಕ್ಷೆ ಮಾರ್ಗರೆಟ್, ನಲವತ್ತು ವರ್ಷ ನರ್ಸ್ ಆಗಿದ್ದವರು. ಏಳೂ ಪತ್ರಗಳನ್ನು ಇಸ್ಪೀಟು ಎಲೆಗಳ ಹಾಗೆ ಮೇಜಿನ ಮೇಲೆ ಸಾಲಾಗಿ ಹಾಸಿದರು.

“ಯಾರೂ ಸಹಾಯ ಮಾಡದವಳ ಸಾವಿಗೆ ಯಾರೂ ಖರ್ಚು ಮಾಡಬೇಕಾಗಿಲ್ಲ,” ಎಂದರು. “ಎಂಥ ನಿಯಮ ವಾಸು! ನೀನೊಬ್ಬನೇ ಬರೆದದ್ದಾ, ಇಲ್ಲ ಯಾರಾದ್ರೂ ನೆರವಾದರಾ?”

“ನಾನೊಬ್ಬನೇ.”

“ನಿನ್ನಲ್ಲಿ ಪ್ರತಿಭೆ ಇದೆ,” ಎಂದು ಕನ್ನಡಕ ತೆಗೆದಿಟ್ಟರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗೊತ್ತಿತ್ತು ಎಂದವರು ದುಡ್ಡು ಕೊಡಬೇಕು, ಗೊತ್ತಿರಲಿಲ್ಲ ಎಂದವರು ಕೊಡಬೇಕಿಲ್ಲ ಎಂದಮೇಲೆ ಗೊತ್ತಿತ್ತೆಂದು ಹುಡುಕಿಕೊಳ್ಳುವವರು ಯಾರು? ಪಾಲು ಕೊಡುವವರಿಲ್ಲದಿದ್ದರೆ ಪರಿಶೀಲಕರಿಲ್ಲ. ಪರಿಶೀಲಕರಿಲ್ಲದಿದ್ದರೆ ವರದಿಯಿಲ್ಲ. ಪ್ರಕರಣ ಮುಚ್ಚಿ ಮನೆಯವರಿಗೆ ತಿಳಿಸುವುದಷ್ಟೇ ಉಳಿದಿತ್ತು. ಇಮೇಲ್ ಸಾಕಿತ್ತು. ನಾನು ಹಳೇ ಕಾಲದವನು, ಕೆಟ್ಟ ಸುದ್ದಿಯನ್ನು ಎದುರು ಕೂತು ಹೇಳಬೇಕೆಂದು ನಂಬಿದವನು. ನಮಿತಾಳನ್ನು ಬರಹೇಳಿದೆ.

ಅವಳು ಒಂದು ಶಿಫ್ಟು ಬಿಟ್ಟು, ಮೂರು ಬಸ್ಸು ಬದಲಿಸಿ ಬಂದಳು. ಕೋಟಿನ ತೋಳಿಗೆ ಪಾರ್ಸೆಲ್ ಟೇಪಿನ ಚೂರೊಂದು ಅಂಟಿಕೊಂಡಿತ್ತು.

“ಬಾ ಮಗಾ, ಕೂತ್ಕೊ. ಮೊದ್ಲು ಚಾ ಕುಡಿ.”

“ಬೇಡ ಅಂಕಲ್. ಎಂತ ಆಯ್ತು ಅಂತ ಹೇಳಿ.”

ಸ್ವಲ್ಪ ಹೊತ್ತು ದೂಡೋಣವೆಂದು ಕೇಳಿದೆ: “ನಿಮ್ಮದು ಊರಲ್ಲಿ ಎಲ್ಲಿ ಆಯ್ತು? ಯಾರ ಮನೆ?”

ನಮ್ಮ ಕಡೆಯವರಿಗೆ ಇದು ಪ್ರಶ್ನೆಯಲ್ಲ, ಉಸಿರಾಟ. ಮೊದಲು ಊರು, ಆಮೇಲೆ ಮನೆ, ಆಮೇಲೆ ‘ಇಂಥವರು ನಿಮಗೆ ಎಂತ ಆಗ್ಬೇಕು’. ಮೂರನೆಯ ಪ್ರಶ್ನೆಯ ಹೊತ್ತಿಗೆ ನೆಂಟಸ್ತಿಕೆಯೋ ಹಳೇ ಜಗಳವೋ ಒಂದು ಪತ್ತೆಯಾಗಿಯೇ ಆಗುತ್ತದೆ. ಟೊರೊಂಟೊ ಸುತ್ತಮುತ್ತ ಎಲ್ಲಿ ಇಬ್ಬರು ಕರಾವಳಿಯವರು ಸಿಕ್ಕರೂ ಹವಾಮಾನದ ಮಾತಿಗಿಂತ ಮೊದಲು ಇದು ಬರುತ್ತದೆ.

ಅವಳ ಮುಖ ಬಿಗಿಯಿತು. “ನೀವೂ ಅದನ್ನೇ ಕೇಳ್ತೀರಲ್ಲ.”

“ಯಾಕೆ, ಮತ್ಯಾರು ಕೇಳಿದ್ರು?”

“ಅಕ್ಕನ ಹತ್ರ ಕೇಳಿದ್ರು. ಎಲ್ಲಿಗೆ ಫೋನ್ ಮಾಡಿದ್ಳು ಅಂತ ಗೊತ್ತಿಲ್ಲ. ಅದು ಗೊತ್ತಾಗ್ಲಿ ಅಂತಲೇ ನಾನು ನಿಮಗೆ ಬರೆದದ್ದು.” ಮೊಬೈಲು ತೆಗೆದು ಹಳೆಯ ಮೆಸೇಜೊಂದನ್ನು ಹುಡುಕಿ ನನ್ನ ಮುಂದಿಟ್ಟಳು. ಕೊಲೆಗೆ ನಾಲ್ಕು ತಿಂಗಳು ಮೊದಲಿನದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತುಳು, ಕನ್ನಡಕ್ಕೆ ತಂದರೆ ಹೀಗೆ.

“ಇವತ್ತು ಒಂದು ಕಡೆ ಫೋನ್ ಮಾಡಿದೆ. ಕನ್ನಡ ಗೊತ್ತಿರುವವರು ಬೇಕು ಅಂದೆ, ಕೊಟ್ಟರು. ನೋಡಿದ್ರೆ ನಮ್ಮ ಕಡೆಯವರೇ. ಊರಲ್ಲಿ ಎಲ್ಲಿ, ಯಾರ ಮನೆ ಅಂತ ಕೇಳಿದ್ರು. ಹೆದರಿಕೆ ಆಯ್ತು ಮಾರಾಯ್ತಿ, ಇವರ ಕಿವಿಗೆ ಬಿದ್ರೆ? ರೂಮಿಗೆ ಒಳಗಿಂದ ಚಿಲಕ ಹಾಕಿಸ್ಲಿಕ್ಕೆ ಯಾರಿಗೆ ಹೇಳ್ಬೇಕು ಅಂತ ಮಾತ್ರ ಕೇಳಿ ಇಟ್ಟುಬಿಟ್ಟೆ.”

ಅದರ ಕೆಳಗೆ ನಮಿತಾಳ ಉತ್ತರ, ಒಂದು ಹೆಬ್ಬೆರಳಿನ ಚಿತ್ರ.

“ನಂಗೆ ಆ ದಿನ ಎಕ್ಸಾಮ್ ಇತ್ತು,” ಎಂದಳು. “ಬರೀ ಥಂಬ್ಸ್ ಅಪ್ ಹಾಕಿದ್ದು ನಾನು, ಅಂಕಲ್.”

“ಚಿಲಕ ಹಾಕಿಸಿದ್ಳಾ?”

“ಮನೆ ಓನರಿಗೆ ಹೇಳಿ ಅಂದಿದ್ರಂತೆ ಫೋನಲ್ಲಿ. ಹೇಳಿದ್ಳು. ಓನರು ಭಾವನನ್ನೇ ಕರ್ದು, ನಿಮ್ಮ ಹೆಂಡ್ತಿ ಎಂತಕ್ಕೋ ಚಿಲಕ ಕೇಳ್ತಿದ್ದಾರೆ, ಹಾಕಿಸ್ಬೇಕಾ ಅಂತ ವಿಚಾರಿಸಿದ್ರು.”

ಆಮೇಲೆ ಅವಳು ಏನು ಹೇಳಿದಳೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಚಿಲಕ ಎಂಬ ಮಾತು ಬಂದಾಗಲೇ ನನ್ನ ಕುರ್ಚಿ ಒಂದಡಿ ಕೆಳಗಿಳಿದಿತ್ತು.

ನಮ್ಮ ಸಂಸ್ಥೆಯಲ್ಲಿ ಭಾಷಾಪಟ್ಟಿ ಎಂಬುದೊಂದಿತ್ತು. ಸಹಾಯ ಕೇಳಿ ಫೋನ್ ಮಾಡಿದವರಿಗೆ ಇಂಗ್ಲಿಷ್ ಕಷ್ಟವಾದರೆ, ಆ ಭಾಷೆ ಬಲ್ಲ ನೌಕರನನ್ನು ಲೈನಿಗೆ ಸೇರಿಸಿ ಅನುವಾದ ಮಾಡಿಸುವುದು. ಪಟ್ಟಿಯಲ್ಲಿ ಕನ್ನಡದ ಎದುರು ಇದ್ದದ್ದು ಒಂದೇ ಹೆಸರು, ನನ್ನದು. ವರ್ಷಕ್ಕೆ ಎರಡು ಕರೆ ಬಂದರೆ ಹೆಚ್ಚು. ಹಾಗಾಗಿ ಅಕ್ಟೋಬರಿನ ಆ ಮಂಗಳವಾರ ವಸತಿ ವಿಭಾಗದ ಸಹೋದ್ಯೋಗಿ ನನ್ನನ್ನು ಲೈನಿಗೆ ಕರೆದಾಗ, ಆ ತುದಿಯಿಂದ ಕರಾವಳಿಯ ಕನ್ನಡ ಕಿವಿಗೆ ಬಿದ್ದಾಗ, ನನಗಾದದ್ದು ಖುಷಿ. “ತುಳು ಬರ್ಪುಂಡಾ?” ಎಂದು ಕೇಳಿದೆ. “ಬರ್ಪುಂಡು,” ಎಂದಳು. ತುಳು ಬರುತ್ತದೆಯೆ, ಬರುತ್ತದೆ, ಇಷ್ಟೇ. ಅದಾದ ಮೇಲೆ ಊರು ಕೇಳಿದೆ, ಮನೆ ಕೇಳಿದೆ. ಅವಳು ಸುಮ್ಮನಾದಳು. ಸಂಕೋಚ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಚಿಲಕದ ವಿಷಯ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅದು ಮನೆಮಾಲೀಕರ ಕೆಲಸ, ಅವರಿಗೆ ಹೇಳಲಿ ಎಂದ ಸಹೋದ್ಯೋಗಿ. ಅದನ್ನು ಚಾಚೂತಪ್ಪದೆ ಅವಳಿಗೆ ತಲುಪಿಸಿದೆ. ಬೇಸ್‌ಮೆಂಟಿನಲ್ಲಿ ಗಂಡನೊಡನಿರುವ ಹೆಂಗಸು ರೂಮಿನ ಒಳಗಿನಿಂದ ಚಿಲಕ ಯಾಕೆ ಕೇಳುತ್ತಾಳೆಂದು ನಾವಿಬ್ಬರೂ ಕೇಳಲಿಲ್ಲ. ಸಹೋದ್ಯೋಗಿಗೆ ಭಾಷೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಹೆಸರು ಬರೆದುಕೊಳ್ಳಲಿಲ್ಲ, ಕಡತ ತೆರೆಯಲಿಲ್ಲ. ಆದ್ದರಿಂದ ನನ್ನದೇ ವ್ಯಾಖ್ಯೆಯ ಪ್ರಕಾರ ಅದು ಸಂಪರ್ಕವಲ್ಲ.

ನಮಿತಾಳಿಗೆ ಆ ದಿನ ಇದನ್ನು ಹೇಳಲಿಲ್ಲ. ಕಚೇರಿಯ ಭಾಷೆಯಲ್ಲಿ, ವಿಷಯವನ್ನು ಪರಿಶೀಲನೆಗೆ ಇರಿಸಿಕೊಂಡೆ. ಮನೆಯ ಭಾಷೆಯಲ್ಲಿ, ಹೆದರಿದೆ. “ಪ್ರಕರಣ ಇನ್ನೂ ಮುಚ್ಚಿಲ್ಲ, ಸ್ವಲ್ಪ ಸಮಯ ಕೊಡು,” ಎಂದು ಬಸ್‌ಸ್ಟಾಪಿನವರೆಗೆ ಬಿಟ್ಟು ಬಂದೆ.

ಬಂದು ಡೈರಿ ತೆಗೆದೆ. ಇಡೀ ಸಂಸ್ಥೆಯಲ್ಲಿ ಕಾಗದದ ಡೈರಿ ಇಟ್ಟುಕೊಂಡಿದ್ದವನು ನಾನೊಬ್ಬನೇ, ಕಿರಿಯರಿಗೆ ಅದೊಂದು ತಮಾಷೆ. ಮೆಸೇಜಿನ ದಿನಾಂಕದ ಪುಟದಲ್ಲೇ ನನ್ನ ಅಂದವಾದ ಅಕ್ಷರದಲ್ಲಿ ಇತ್ತು: ಕನ್ನಡ ಕರೆ. ಬಾಡಿಗೆದಾರಳು. ಚಿಲಕ. ಒಂಬತ್ತು ನಿಮಿಷ. ಬರೆದಿಟ್ಟದ್ದು ಅವಳಿಗಾಗಿ ಅಲ್ಲ. ಭಾಷಾಪಟ್ಟಿಯ ಪ್ರತಿ ಕರೆಗೆ ಕಾಲು ಗಂಟೆಯ ರಜೆ ಕೊಡುತ್ತಿದ್ದರು, ಅದಕ್ಕೆ ಪುರಾವೆ ಬೇಕಿತ್ತು. ಆ ಕಾಲು ಗಂಟೆಯನ್ನು ನಾನು ಒಂದು ಶುಕ್ರವಾರ ಬೇಗ ಮನೆಗೆ ಹೋಗಿ ಅನುಭವಿಸಿದ್ದೆ.

ಮರುದಿನ ನನ್ನ ಮೇಲಧಿಕಾರಿ ಡೆರಿಕ್‌ಗೆ ಡೈರಿ ತೋರಿಸಿದೆ. ಕೆಟ್ಟವನಲ್ಲ, ಬಜೆಟ್ಟಿನವನು.

“ಕಡತ ಇದೆಯಾ?”

“ಇಲ್ಲ.”

“ಹಾಗಾದ್ರೆ ಸಂಪರ್ಕ ಇಲ್ಲ. ನಿಯಮ ಹಾಗೆ ಹೇಳ್ತದೆ, ವಾಸು. ಬರೆದವನು ನೀನೇ.” ಬಾಗಿಲು ಮುಚ್ಚಿ ಬಂದು ಕೂತ. “ನಾವೊಬ್ಬರೇ ಹೌದು ಅಂದ್ರೆ ಇಪ್ಪತ್ತೆಂಟು ಸಾವಿರವೂ ನಮ್ಮ ತಲೆಗೇ. ಫೋನ್ ಎತ್ತೋ ಹುಡುಗಿಯರಲ್ಲಿ ಒಬ್ಬಳನ್ನು ಅರ್ಧ ವರ್ಷ ಮನೆಗೆ ಕಳಿಸ್ಬೇಕು. ನಿನ್ನ ರಿಟೈರ್‌ಮೆಂಟ್ ಕೇಕಿಗೂ ಏನೂ ಉಳಿಯಲ್ಲ. ವರದಿಯಲ್ಲಿ ನಿನ್ನ ವಿಷಯ ಬರ್ತದೆ. ನಿನ್ನ ಜನ ಓದ್ತಾರೆ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ವಾರವಿಡೀ ನಾನು ನಮ್ಮ ಸೊನ್ನೆಯ ಪತ್ರವನ್ನು ತೆಗೆದು ತೆಗೆದು ನೋಡಿದೆ. ಫೋನೆತ್ತುವ ಹುಡುಗಿಯ ಸಂಬಳ ಒಂದು ಕಡೆ. ಇನ್ನೊಂದು ಕಡೆ, ಊರಿಗೆ ಊರೇ ‘ಅವಳು ಹೇಳಲೇ ಇಲ್ಲ’ ಎನ್ನುತ್ತಿರುವಾಗ ಹೇಳಿದ್ದಳು ಎಂಬುದಕ್ಕೆ ಉಳಿದ ಏಕೈಕ ಸಾಕ್ಷಿ ನನ್ನ ಡೈರಿಯ ಒಂದು ಸಾಲು. ಅದನ್ನು ಮುಚ್ಚಿಟ್ಟರೆ ಆ ನೆಂಟರ ಗುಂಪಿನಲ್ಲಿ ನಾನೂ ಒಂದು ಕೈಮುಗಿದ ಚಿತ್ರ ಹಾಕಿದ ಹಾಗೆ.

ಮುಂದಿನ ಸಭೆಯಲ್ಲಿ ಕಾಫಿ ಕೊಟ್ಟಾದ ಮೇಲೆ ನಿಂತು ಓದಿದೆ. ನಡಾವಳಿಯ ಶೈಲಿ ಬಿಟ್ಟರೆ ಬೇರೆ ಶೈಲಿ ನನಗೆ ಬರುವುದಿಲ್ಲ. ಆದ್ದರಿಂದ ನನ್ನ ಬಗ್ಗೆ ನಾನೇ ಹೀಗೆ ಓದಿದೆ: “ಸಮನ್ವಯಾಧಿಕಾರಿಯು ಸಭೆಗೆ ತಿಳಿಸಿದ್ದೇನೆಂದರೆ, ಮೃತಳು ಸಹಾಯ ಕೇಳಿ ಕರೆ ಮಾಡಿದ್ದಳು. ಕರೆಯನ್ನು ಸಮನ್ವಯಾಧಿಕಾರಿಯೇ ಸ್ವೀಕರಿಸಿದ್ದನು. ಅವನು ಆಕೆಯ ಊರು ಮತ್ತು ಮನೆತನ ವಿಚಾರಿಸಿದ್ದರಿಂದ ಆಕೆ ಹೆದರಿ ಮುಂದೆ ಮಾತಾಡಲಿಲ್ಲ. ನಮ್ಮ ಸಂಸ್ಥೆಯ ಸೊನ್ನೆಯನ್ನು ಒಂದು ಎಂದು ತಿದ್ದಿಕೊಳ್ಳತಕ್ಕದ್ದು.”

ಡೆರಿಕ್ ಕಿಟಕಿಯ ಹೊರಗೆ ನೋಡುತ್ತಿದ್ದ. ಯಾರೋ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು.

ಮೊದಲು ಮಾತಾಡಿದ್ದು ಆಶ್ರಯಧಾಮದ ಹೆಂಗಸು. “ಹೆಸರು ಹೇಳದೆ ಬರುವ ಕರೆಗಳಿಗೆ ನಮ್ಮಲ್ಲಿ ಒಂದು ಪುಸ್ತಕ ಇದೆ,” ಎಂದಳು. “ಅದನ್ನು ನೋಡಲಿಲ್ಲ. ನೋಡಿ ಅಂತ ನಿಯಮ ಹೇಳಿರಲಿಲ್ಲ. ಈಗ ನೋಡ್ತೇನೆ.” ಆಮೇಲೆ ಆಸ್ಪತ್ರೆಯವನು ಗಂಟಲು ಸರಿಮಾಡಿಕೊಂಡ. ಎಮರ್ಜೆನ್ಸಿಗೆ ಬಂದು, ಗಂಟೆಗಟ್ಟಲೆ ಕಾದು, ಡಾಕ್ಟರು ನೋಡುವ ಮೊದಲೇ ಎದ್ದು ಹೋದವರಿಗೆ ಕಡತ ಇರುವುದಿಲ್ಲ, ನರ್ಸು ಬರೆದ ಚೀಟಿ ಮಾತ್ರ ಇರುತ್ತದೆ ಎಂದ.

ಪುಸ್ತಕದಲ್ಲಿ ಏನೂ ಸಿಗಲಿಲ್ಲ. ಚೀಟಿ ಸಿಕ್ಕಿತು. ಅವಳದೇ ಹೆಸರು, ಡಿಸೆಂಬರಿನ ದಿನಾಂಕ. ಎಡ ಮಣಿಕಟ್ಟು, ಅಡುಗೆಮನೆಯಲ್ಲಿ ಜಾರಿದೆ ಎನ್ನುತ್ತಾರೆ, ಗಂಡ ಜತೆಗಿದ್ದಾರೆ. ನಾಲ್ಕು ಗಂಟೆ ಕಾದು ಹೋಗಿದ್ದಳು. ಉಳಿದವರ ಸೊನ್ನೆಗಳು ಸೊನ್ನೆಯಾಗಿಯೇ ಉಳಿದವು. ಅವುಗಳಲ್ಲಿ ಶಾಲಾ ಮಂಡಳಿಯದು ಪ್ರಾಮಾಣಿಕ ಸೊನ್ನೆಯೆಂದು ಬಲ್ಲೆ, ಅವಳಿಗೆ ಮಕ್ಕಳಿರಲಿಲ್ಲ. ಮಿಕ್ಕವುಗಳ ಬಗ್ಗೆ ನಾನು ಮಾತಾಡುವ ಹಾಗಿಲ್ಲ, ನನ್ನದೂ ಒಂದು ಕಾಲದಲ್ಲಿ ಸೊನ್ನೆಯೇ ಆಗಿತ್ತು.

ನನ್ನ ಸೂತ್ರವನ್ನು ಸಕಲ ಮರ್ಯಾದೆಗಳೊಂದಿಗೆ ಸಮಾಧಿ ಮಾಡಲಾಯಿತು. ಇನ್ನು ಮುಂದೆ ಗೊತ್ತಿದ್ದರೂ ಇಲ್ಲದಿದ್ದರೂ ಎಲ್ಲರೂ ಕೊಡತಕ್ಕದ್ದು, ಸಂಸ್ಥೆ ದೊಡ್ಡದಾದಷ್ಟು ಪಾಲು ದೊಡ್ಡದು. ಇದು ಒಪ್ಪಿಗೆಯಾಗಲು ಎರಡು ತಿಂಗಳು ಹಿಡಿಯಿತು, ಮಧ್ಯೆ ಒಂದು ಕಾನೂನು ಸಲಹೆಯೂ ಬೇಕಾಯಿತು. ಮೊದಲು ಚೆಕ್ಕು ಬಂದದ್ದು ಮಾಡು ಸೋರುವ ಆಶ್ರಯಧಾಮದವರಿಂದ.

ಇಷ್ಟಾದ ಮೇಲೆ ಎಟೋಬಿಕೋಕ್‌ಗೆ ಹೋದೆ. ನಮಿತಾಳ ಗೋದಾಮಿನ ಎದುರಿನ ಕಾಫಿ ಅಂಗಡಿಯಲ್ಲಿ, ಅವಳ ಅರ್ಧ ಗಂಟೆಯ ಬಿಡುವಿನಲ್ಲಿ ಕೂತೆವು. ಪೀಠಿಕೆ ಹಾಕದೆ ಹೇಳಿದೆ.

“ಪರಿಶೀಲನೆ ನಡೀತದೆ. ಅಕ್ಕ ಕೇಳಿದ್ದಳು. ಆ ಫೋನಲ್ಲಿ ಮಾತಾಡಿದವ ನಾನು.”

ಅವಳು ಕಪ್ಪನ್ನು ಮೇಜಿನ ಮೇಲೆ ಇಟ್ಟಳು. “ನಾನು ನಿಮ್ಮ ಆಫೀಸಿಗೆ ಬಂದ ದಿನ ನಿಮಗೆ ಗೊತ್ತಿತ್ತಾ?”

“ನೀನು ಮೆಸೇಜು ತೋರಿಸಿದಾಗ ಗೊತ್ತಾಯ್ತು.”

“ಗೊತ್ತಾಗಿಯೂ ಬಸ್‌ಸ್ಟಾಪಿನವರೆಗೆ ಬಂದು ಟಾಟಾ ಮಾಡಿದ್ರಿ.”

ಕಪ್ಪನ್ನು ಪಕ್ಕಕ್ಕೆ ಸರಿಸಿ ಕೇಳಿದಳು: “ಅಕ್ಕನ ಸ್ವರ ಹೇಗಿತ್ತು? ಅಳ್ತಿದ್ಳಾ?”

ನಾನು ನಿಜವಾಗಿ ಪ್ರಯತ್ನಪಟ್ಟೆ. ಒಂಬತ್ತು ನಿಮಿಷ ನೆನಪಿತ್ತು, ಚಿಲಕ ನೆನಪಿತ್ತು, ಆ ಶುಕ್ರವಾರ ಮನೆಗೆ ಹೋಗುವಾಗ ದಾರಿಯಲ್ಲಿ ಮೀನು ಕೊಂಡದ್ದು ನೆನಪಿತ್ತು.

“ನೆನಪಿಲ್ಲ ಮಗಾ.”

“ಮಗಾ ಅಂತ ಕರೀಬೇಡಿ.” ಎದ್ದು ಕೋಟು ಹಾಕಿಕೊಂಡಳು. “ನೆನಪಿಲ್ಲ ಅಂದ್ರಲ್ಲ, ಅದನ್ನೂ ಬರೀರಿ.” ರಸ್ತೆ ದಾಟಿ ಶಿಫ್ಟಿಗೆ ಹೋದಳು.

ವರದಿ ಬಂದದ್ದು ನನ್ನ ಕೊನೆಯ ತಿಂಗಳಿನಲ್ಲಿ. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿತ್ತು: ಆಕೆ ಎರಡು ಕಡೆ ಸಹಾಯಕ್ಕೆ ಹೋಗಿದ್ದಳು, ಎರಡು ಕಡೆಯೂ ಸಿಗಲಿಲ್ಲ. ನಮಿತಾ ಆ ಪುಟವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳಂತೆ. ಯಾರೂ ಏನೂ ಬರೆಯಲಿಲ್ಲ, ಮೂವರು ಗುಂಪು ಬಿಟ್ಟುಹೋದರು. ಇದನ್ನು ಅವಳು ಮಾರ್ಗರೆಟ್‌ಗೆ ತಿಳಿಸಿದ್ದು. ನನಗೆ ಅವಳು ಮತ್ತೆ ಬರೆಯಲಿಲ್ಲ, ಬರೆಯಬೇಕೆಂದು ನಾನು ನಿರೀಕ್ಷಿಸಿಯೂ ಇಲ್ಲ.

ನನ್ನ ನಿವೃತ್ತಿಯ ದಿನ ಡೆರಿಕ್ ತನ್ನ ಕೈಯಿಂದಲೇ ದುಡ್ಡು ಹಾಕಿ ಕೇಕು ತಂದಿದ್ದ. ಆ ದಿನ ಭಾಷಣ ಮಾಡಿ ಎಂದಾಗ ಎರಡು ಮಾತು ಹೇಳಿದೆ, ಇಲ್ಲಿಯೂ ಅವೇ. ಒಂದು, ನಾವು ಲೆಕ್ಕಕ್ಕೆ ತೆಗೆದುಕೊಳ್ಳದ್ದು ನಡೆದೇ ಇಲ್ಲವೆಂದು ನಂಬುವುದು ಕಚೇರಿಗಳ ಸ್ವಭಾವ; ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಬರೆಯುವವನು ಅದಕ್ಕೆ ಹೊಣೆ. ಇನ್ನೊಂದು, ನಮ್ಮವರು ಸಿಕ್ಕರೆಂಬ ಖುಷಿ ಫೋನೆತ್ತಿದವನದ್ದು, ಫೋನ್ ಮಾಡಿದವಳದ್ದಲ್ಲ. ಈಗ ಭಾಷಾಪಟ್ಟಿಯವರಿಗೆ ಕೊಡುವ ಕಾರ್ಡಿನ ಮೊದಲ ಸಾಲೇ ‘ಊರು ಕೇಳಬೇಡಿ’. ನಮ್ಮವರ ಪಿಕ್ನಿಕ್ಕುಗಳಲ್ಲಿಯೂ ನಾನು ಕೇಳುವುದನ್ನು ಬಿಟ್ಟಿದ್ದೇನೆ. ವಯಸ್ಸಾದ ಮೇಲೆ ಜಂಬ ಬಂದಿದೆ ಎಂದು ಆಡಿಕೊಳ್ಳುತ್ತಾರೆ.

ವರದಿಯ ಅನುಬಂಧದಲ್ಲಿ ಒಂದು ವಾಕ್ಯವಿದೆ. ಯಾವ ಶಿಫಾರಸಿಗೂ ಸಂಬಂಧಿಸಿದ್ದಲ್ಲವೆಂದು ಪರಿಶೀಲಕರು ಅದನ್ನು ತೆಗೆಯಹೊರಟಿದ್ದರು. ಮೂವತ್ತು ವರ್ಷ ಬೇರೆಯವರ ಮಾತನ್ನು ಒಪ್ಪವಾಗಿ ತಿದ್ದಿ ನಡಾವಳಿ ಬರೆದ ನಾನು, ಆ ಒಂದು ವಾಕ್ಯವನ್ನು ತಿದ್ದಬಾರದೆಂದು ಹಟ ಹಿಡಿದೆ, ಮಾರ್ಗರೆಟ್ ಉಳಿಸಿಕೊಟ್ಟರು. “ಕರೆ ಸ್ವೀಕರಿಸಿದ ನೌಕರನಿಗೆ ಆಕೆಯ ಸ್ವರ ನೆನಪಿಲ್ಲ.”